ಹಾದಿ ಉಂಡಿ

೧೯೮೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆ ಮುಗಿದಿತ್ತು, ಎಂಟಕ್ಕೆ ಹೆಸರು ಹಚ್ಚಬೇಕು ಅನ್ನುವಾಗ ಅಪ್ಪ ದಾಂಡೇಲಿಯಲ್ಲಿ ಒಂದು ಜಾಗ ಖರೀದಿ ಮಾಡಿದ. ಮನೆಯಲ್ಲಿದ್ದ ರೊಕ್ಕ, ಅವ್ವನ ಕೊರಳಲ್ಲಿದ್ದ ಬೋರಮಾಳ ಎಲ್ಲ ಆ ಜಾಗಕ್ಕೆ ಹೋಯಿತು, ನನ್ನ ಶಾಲೆಯೂ ಅದರ ಜೊತೆಗೇ ಹೋಯಿತು. ಇದನ್ನು ಮರುಕ ಹುಟ್ಟಲಿ ಅಂತ ಹೇಳುತ್ತಿಲ್ಲ. ಆ ವಯಸ್ಸಿಗೆ ಗಾರೆ ಬುಟ್ಟಿ ಹೊತ್ತವನು ಮುಂದೆ ಸ್ವಂತ ಸೆಂಟ್ರಿಂಗ್ ಸಾಮಾನು ಮಾಡಿಕೊಂಡೆ. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟಿಗೆ ಆಸರೆಯಾಗಿ ಕೆಳಗೆ ಕೂಡಿಸುವ ಕಬ್ಬಿಣದ ಪ್ಲೇಟು, ಕಂಬ, ಅವನ್ನು ಹೊತ್ತು ತಂದು ಜೋಡಿಸಿಕೊಡುವುದು ನನ್ನ ಕೆಲಸ. ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲ ಕಡೆ ನಾನು ನಿಂತು ಹಾಕಿಸಿದ ಸ್ಲ್ಯಾಬ್ ಇವೆ. ಒಂದೂ ಜೋತು ಬಿದ್ದಿಲ್ಲ. ಇಷ್ಟು ಹೇಳಿಕೊಂಡರೆ ಅದು ಜಂಬವಲ್ಲ.

ಹೋದ ತಿಂಗಳು ಮುಂಡಗೋಡದ ಹತ್ತಿರ ಇಂದೂರದಲ್ಲಿ ಒಬ್ಬ ರೈತರ ಮನೆಗೆ ಪ್ಲೇಟು ಇಳಿಸುತ್ತಿದ್ದೆವು. ಟೆಂಪೋ ಒಳಗೆ ಬರಲಿ ಅಂತ ಮನೆಯವರು ಅಂಗಳದ ಬದಿಯ ಮದರಂಗಿ ಬೇಲಿಯನ್ನು ಕುಡಗೋಲಿನಿಂದ ಸವರುತ್ತಿದ್ದರು. ಹೂವಾದ ಬೇಲಿ. ಕಡಿದ ಟೊಂಗೆಯ ಹಸಿ ವಾಸನೆಯೂ ಆ ಸಣ್ಣ ಹೂವಿನ ಘಮವೂ ಕೂಡಿ ಒಮ್ಮೆಲೇ ಮೂಗಿಗೆ ಬಂತು... ಕೈಯಲ್ಲಿದ್ದ ಪ್ಲೇಟನ್ನು ಕೆಳಗಿಟ್ಟು ನಿಂತುಬಿಟ್ಟೆ.

"ಯಾಕ್ರಿ ಅಣ್ಣಾರ, ಸೊಂಟ ಹಿಡೀತೇನ್ರಿ?" ಅಂದ ನನ್ನ ಕೆಲಸದವನೊಬ್ಬ. "ವಯಸ್ಸಾತು, ಇನ್ನ ಕುರ್ಚೇದ ಮ್ಯಾಲ ಕೂತು ಬೈಕೋಂತ ಇರ್ರಿ ಸಾಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸೊಂಟವೇ ಅಂದೆ.

ಆ ವಾಸನೆ ನಮ್ಮ ಮುಂದಿನ ಮನೆಯ ಚಾಚಾನದು. ಓಣಿಯವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು, ಅವರಿಗಿಂತ ಹಿರಿಯರು ಕೂಡ. ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ಮುಂದೆ ನಿಂತು ನಿಂತು ಅವರ ಕಿವಿ ಅರ್ಧ ಹೋಗಿತ್ತು. ತನಗೆ ಕೇಳದ್ದು ಮಂದಿಗೂ ಕೇಳಲಿಕ್ಕಿಲ್ಲ ಅಂದುಕೊಂಡು ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದರು. ಅವರ ಮನೆಯಲ್ಲಿ ಏನು ಅಡುಗೆ ಅನ್ನುವುದು ನಮಗೆ ವಾಸನೆ ಬರುವುದಕ್ಕೆ ಮೊದಲೇ ಗೊತ್ತಾಗುತ್ತಿತ್ತು. ಪಾಳಿ ಮುಗಿಸಿ ಬಂದರೆ ಪಕ್ಕದ ಅಂಗಳದಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ಮಾತಾಡಿಸುವುದು ಅವರ ಪದ್ಧತಿ. ಹೋಗಿಬರುವವರು ಅಂದರೆ ನಾವೇ.

ಹೇಗೆಂದರೆ, ಅವರ ಮನೆ ರಸ್ತೆಗೆ ಹತ್ತಿತ್ತು. ಅಪ್ಪ ಕೊಂಡ ಜಾಗ ಅದರ ಹಿಂದೆ. ನಮ್ಮ ಖರೀದಿಯ ಪ್ರಕಾರ ನಮಗೆ ಹಾದಿ ಇದ್ದದ್ದು ಹಿಂದಿನ ನಾಲಾದ ದಂಡೆಯಿಂದ. ಬೇಸಿಗೆಯಲ್ಲಿ ಅದು ಹಾದಿ, ಮಳೆಗಾಲದಲ್ಲಿ ಕೆಸರು. ಮೊದಲನೇ ಮಳೆಗಾಲದಲ್ಲಿ ಅಪ್ಪನೂ ನಾನೂ ಒಂದು ಸಿಮೆಂಟ್ ಚೀಲವನ್ನು ಎರಡೂ ತುದಿ ಹಿಡಿದು ಆ ದಂಡೆಯಲ್ಲಿ ಜಾರುತ್ತ ತರುತ್ತಿದ್ದಾಗ ಚಾಚಾ ತಮ್ಮ ತಂತಿ ಬೇಲಿಯ ಆಚೆಯಿಂದ ಕೂಗಿದರು.

"ಅರೆ ಭಾಯಿ, ಸಿಮೆಂಟ್ ತಗೊಂಡು ಹೋಗಿ ನಾಲಾಕ ಸ್ಲ್ಯಾಬ್ ಹಾಕ್ತೀರೇನು? ಈ ಕಡೆ ಬರ್ರಿ!"

ಮರುದಿನ ತಾವೇ ತಂತಿ ಬಿಚ್ಚಿದರು. ತಮ್ಮ ಅಂಗಳದ ಒಂದು ಬದಿಯನ್ನು ಬಿಟ್ಟುಕೊಟ್ಟು, ಮನೆಯ ಹೆಂಗಸರಿಗೆ ಮರೆಯಾಗಲಿ ಅಂತ ಒಳಗಡೆಗೆ ಉದ್ದಕ್ಕೂ ಮದರಂಗಿ ಕಡ್ಡಿ ನೆಟ್ಟರು. ಅದು ಬೆಳೆದು ಬೇಲಿಯಾಯಿತು. ಎರಡೂ ಮನೆಯ ಹೆಣ್ಣುಮಕ್ಕಳ ಕೈ ಹಬ್ಬ ಹುಣ್ಣಿಮೆಗೆ ಅದೇ ಬೇಲಿಯಿಂದ ಕೆಂಪಾದವು. ಬೇಲಿಯ ಈಚೆಗೆ ಉಳಿದ, ಗಾಡಿ ಹೋಗುವಷ್ಟು ಅಗಲದ ಅಂಗಳವೇ ನಮ್ಮ ಹಾದಿ.

ಅವ್ವ ಧಾರವಾಡ ಕಡೆಯವಳು. ಅವಳ ತವರಿನಲ್ಲಿ ಒಂದು ರೂಢಿ ಇತ್ತಂತೆ: ಮತ್ತೊಬ್ಬರ ಹೊಲದ ಬದುವಿನ ಮೇಲೆ ನಡೆದು ತಮ್ಮ ಹೊಲಕ್ಕೆ ಹೋಗುವವರು, ವರ್ಷಕ್ಕೊಮ್ಮೆ ಹಬ್ಬದ ದಿನ ಆ ಮನೆಗೆ ಮೊದಲ ಪಾಲು ಕೊಟ್ಟು, ಈ ವರ್ಷವೂ ನಡೆಯುತ್ತೇವೆ ಅಂತ ಬಾಯಿಬಿಟ್ಟು ಕೇಳಿಬರಬೇಕು. ನಮಗೆ ಹೊಲವಿರಲಿಲ್ಲ, ಹಾದಿ ಇತ್ತು. ಹಾಗಾಗಿ ಪ್ರತಿ ನಾಗರ ಪಂಚಮಿಗೆ ಶೇಂಗಾ ಉಂಡಿ, ರವೆ ಉಂಡಿ, ಎಳ್ಳುಂಡಿ ಕಟ್ಟಿ, ದೇವರ ಮುಂದೆ ಇಟ್ಟು, ಮನೆಯವರ್ಯಾರೂ ಮುಟ್ಟುವ ಮೊದಲೇ ಒಂದು ಡಬ್ಬಿ ತುಂಬಿಕೊಂಡು ಚಾಚಾನ ಮುಂದೆ ಹೋಗಿ ನಿಲ್ಲುತ್ತಿದ್ದಳು.

"ಚಾಚಾ, ಹಾದಿ ಉಂಡಿ ತಗೋರಿ. ಈ ವರ್ಷನೂ ನಡೀತೇವ್ರಿ."

ಚಾಚಾ ಮುಚ್ಚಳ ತೆಗೆದು ನೋಡಿ, ಓಣಿಗೆಲ್ಲ ಕೇಳುವ ಹಾಗೆ, "ಅಕ್ಕಾ, ಈ ಸಲ ಉಂಡಿ ಸಣ್ಣ ಆಗ್ಯಾವಲ್ಲ, ಹಾದೀನೂ ಸಣ್ಣ ಮಾಡ್ಲೇನು?" ಅನ್ನುತ್ತಿದ್ದರು.

"ಹಲ್ಲ ಇಲ್ಲದ ಬಾಯಿಗೆ ಇಷ್ಟ ಸಾಕ್ರಿ," ಅನ್ನುತ್ತಿದ್ದಳು ಅವ್ವ.

ವರ್ಷ ವರ್ಷ ಇದೇ ಮಾತು, ಇದೇ ನಗು. ಡಬ್ಬಿ ರಮಜಾನಿಗೆ ಶೀರ್ ಖುರ್ಮಾ ತುಂಬಿಕೊಂಡು ತಿರುಗಿ ಬರುತ್ತಿತ್ತು. ಅಪ್ಪ ತೀರಿದ ವರ್ಷ ನಮ್ಮಲ್ಲಿ ಹಬ್ಬವಿರಲಿಲ್ಲ. ಆಗಲೂ ಅವ್ವ ಬರಿ ಬೆಲ್ಲದ ಹೆಂಟೆ ಒಯ್ದು ಕೇಳಿಬಂದಳು. ನನಗೆ ಆಗ ಇದು ಹೆಂಗಸರ ಹುಚ್ಚು ಅನಿಸುತ್ತಿತ್ತು. ದಿನಾ ನಡೆಯುವ ಹಾದಿಯನ್ನು ಏನು ಕೇಳುವುದು... ಈಗ ಹಾಗನಿಸುವುದಿಲ್ಲ.

ನಾನು ಸಾಲ ಮಾಡಿ ಟೆಂಪೋ ತಂದದ್ದು ಮತ್ತು ಚಾಚಾನ ಮಗಳು ಗಂಡನನ್ನು ಕಳಕೊಂಡು ಎರಡು ಹೆಣ್ಣುಮಕ್ಕಳನ್ನು ಕರಕೊಂಡು ತವರಿಗೆ ಬಂದದ್ದು ಒಂದೇ ವರ್ಷ. ಜಗಳಕ್ಕೆ ಬೇರೆ ಬೀಜ ಬೇಕಿರಲಿಲ್ಲ.

ಒಂದು ಸಂಜೆ ಚಾಚಾ ತಾವೇ ಎದ್ದು ನಮ್ಮ ಮನೆಗೆ ಬಂದರು. ತೊಳೆದ ಅಂಗಿ ಹಾಕಿದ್ದರು, ತಲೆಗೆ ಟೋಪಿ ಇತ್ತು. ಯಾವತ್ತೂ ಕೂಗುವವರು ಅವತ್ತು ದನಿ ಇಳಿಸಲು ನೋಡಿದರು. ಮಗಳಿಗೆ ಪಕ್ಕದ ಅಂಗಳದಲ್ಲಿ ಎರಡು ಖೋಲಿ ಕಟ್ಟಿಸಬೇಕು, ಹಾದಿಯನ್ನು ಆಚೆ ಬದಿಯ ಕಾಂಪೌಂಡಿನ ಗೋಡೆಗೆ ಒತ್ತಿ ಐದು ಫೂಟು ಮಾಡಿದರೆ ಆಗುತ್ತದೆ ಅಂದರು.

"ಮೋಟರ್ ಸೈಕಲ್ ಆರಾಮ ಬರ್ತೈತಿ ತಮ್ಮಾ. ಟೆಂಪೋ ನಮ್ಮ ಮನಿ ಮುಂದ ನಿಲ್ಲಿಸು, ನಾ ಕಾಯ್ತೇನಿ. ಹೆಂಗೂ ನನಗ ನಿದ್ದಿ ಇಲ್ಲ."

ನೋಡೂಣು ಅಂದೆ. ನನ್ನ ಕಷ್ಟ ಸುಳ್ಳಲ್ಲ. ಪ್ಲೇಟೆಲ್ಲ ನಮ್ಮ ಹಿತ್ತಲಲ್ಲಿ ಒಟ್ಟಿದ್ದವು. ಟೆಂಪೋ ಒಳಗೆ ಬರದಿದ್ದರೆ ಒಂದೊಂದನ್ನೂ ತಲೆಯ ಮೇಲೆ ಹೊತ್ತು ರಸ್ತೆಗೆ ತರಬೇಕು, ಸಂಜೆ ಮತ್ತೆ ಹೊತ್ತು ಒಯ್ಯಬೇಕು. ಕೂಲಿಯವರು ಅರ್ಧ ದಿನ ಅದರಲ್ಲೇ ಕಳೆಯುತ್ತಾರೆ. ಆದರೂ ಕೂತು ಮಾತಾಡಿದ್ದರೆ ಏನಾದರೊಂದು ಉಪಾಯ ಸಿಗುತ್ತಿತ್ತು. ಖೋಲಿಯನ್ನು ಒಂದರ ಮೇಲೊಂದು ಏರಿಸಬಹುದಿತ್ತು, ಸ್ಲ್ಯಾಬ್ ಹಾಕುವವನು ನಾನೇ ಇದ್ದೆನಲ್ಲ. ಆ ಮಾತು ಆಗ ನನ್ನ ಬಾಯಿಗೆ ಬರಲಿಲ್ಲ. ವಾರ, ತಿಂಗಳು, ನೋಡೂಣು ನೋಡೂಣು ಅನ್ನುತ್ತಲೇ ಇದ್ದೆ.

ಅವರ ಮಗ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ, ಸಿಟ್ಟಿನ ಹುಡುಗ. ಒಂದು ಬೆಳಿಗ್ಗೆ ನಾನು ಟೆಂಪೋ ತೆಗೆಯುವಾಗ ಎದುರಿಗೆ ಬಂದು ನಿಂತ. ಟೆಂಪೋದಲ್ಲಿ ನನ್ನ ಆಳುಗಳೆಲ್ಲ ಕೂತಿದ್ದರು.

"ನಮ್ಮ ಅಬ್ಬಾ ಧರ್ಮಕ್ಕ ಬಿಟ್ಟ ಹಾದಿ ಇದು," ಅಂದ. "ಭಿಕ್ಷಾ ಹಾಕಿದ್ರ ಕಣ್ಣಿಗೆ ಒತ್ತಿಕೊಂಡು ತಗೋಬೇಕು, ತೂಕ ಮಾಡಬಾರದು."

ಭಿಕ್ಷೆ. ಟೆಂಪೋದಲ್ಲಿ ಯಾರೂ ನಗಲಿಲ್ಲ, ಎಲ್ಲರೂ ಬೇರೆ ಬೇರೆ ಕಡೆ ನೋಡಿದರು. ಅದು ನಕ್ಕದ್ದಕ್ಕಿಂತ ಕೆಟ್ಟದ್ದು. ಚಾಚಾ ಒಳಗಿನಿಂದ ಓಡಿಬಂದು ಮಗನ ರಟ್ಟೆ ಹಿಡಿದು ಎಳೆದರು, ಏನೋ ಬೈದರು. ನನಗೆ ಅದೊಂದೂ ಕಿವಿಗೆ ಹೋಗಲಿಲ್ಲ. ಗಾರೆ ಬುಟ್ಟಿಯಿಂದ ಇಲ್ಲಿಯವರೆಗೆ ಯಾರ ಮುಂದೆಯೂ ಕೈಚಾಚಿದವನಲ್ಲ ನಾನು. ನನ್ನ ಮನೆಗೆ ನಾನು ಹೋಗುವುದು ಭಿಕ್ಷೆಯೋ? ಇದು ನನ್ನ ಹಕ್ಕು ಅಂತ ಸರಕಾರದ ಮುದ್ರೆ ಹಾಕಿಸಿ ತೋರಿಸುತ್ತೇನೆ ಅಂದುಕೊಂಡು ಹಳಿಯಾಳಕ್ಕೆ ಒಬ್ಬ ವಕೀಲರ ಹತ್ತಿರ ಹೋದೆ.

ವಕೀಲರು ಒಳ್ಳೆಯವರೇ. ಎಲ್ಲ ಕೇಳಿಸಿಕೊಂಡು, "ಎಂಬತ್ತಾರರಿಂದ ನಡದೀರಿ, ಇಪ್ಪತ್ತು ವರ್ಷ ದಾಟೇತಿ. ಭೇಷ್. ಕೇಳಿ ನಡದೀರೋ, ಕೇಳದ ನಡದೀರೋ?" ಅಂದರು.

ನಾನು ಎದೆಯುಬ್ಬಿಸಿ, "ನಾವು ಕೇಳದ ಮಂದೀದು ಒಂದು ಹುಲ್ಲಕಡ್ಡೀನೂ ಮುಟ್ಟೂದಿಲ್ರಿ ಸಾಹೇಬ್ರ. ನಮ್ಮವ್ವ ವರ್ಷಾ ಪಂಚಮಿಗೆ ಉಂಡಿ ಕೊಟ್ಟು ಕೇಳಿಬರ್ತಾಳ," ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಹಂಗಾದ್ರ ಆ ಉಂಡಿ ತಿನ್ನಕೋತ ಮನ್ಯಾಗ ಕೂಡ್ರಿ. ಕೇಸ್ ಇಲ್ಲ."

ಆಮೇಲೆ ತಿಳಿಸಿ ಹೇಳಿದರು. ಪರವಾನಗಿ ಪಡೆದು ನಡೆದವನಿಗೆ ಹಾದಿ ಇರುವುದು ಕೊಟ್ಟವನ ಮನಸ್ಸು ಇರುವ ತನಕ. ಅವನು ಸಾಕು ಅಂದರೆ ಮುಗಿಯಿತು. ಆದರೆ ಯಾರನ್ನೂ ಕೇಳದೆ, ಎಲ್ಲರಿಗೂ ಕಾಣುವ ಹಾಗೆ, ಇದು ನನ್ನದೇ ಅನ್ನುವಂತೆ ಇಪ್ಪತ್ತು ವರ್ಷ ಅಡೆತಡೆ ಇಲ್ಲದೆ ನಡೆದವನಿಗೆ ಆ ಹಾದಿಯ ಹಕ್ಕೇ ಬರುತ್ತದೆ. ಜಾಗ ಯಾರಿಗೆ ಮಾರಿಹೋದರೂ ಆ ಹಕ್ಕು ಹೋಗುವುದಿಲ್ಲ. ಇಷ್ಟು ಹೇಳಿ, ಪೆನ್ನು ಮತ್ತೆ ಕೈಗೆ ತಗೊಂಡರು.

"ಇನ್ನೊಮ್ಮೆ ಕೇಳ್ತೇನಿ. ವಿಚಾರ ಮಾಡಿ ಹೇಳ್ರಿ. ಕೇಳಿ ನಡದೀರೋ, ಕೇಳದ ನಡದೀರೋ?"

ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ಕೇಳದ," ಅಂದೆ.

ಕಾನೂನನ್ನು ನಾನು ಬೈಯುವುದಿಲ್ಲ. ಅದು ಒಬ್ಬರ ಮುಖ ಒಬ್ಬರು ನೋಡದ ಮಂದಿಗಾಗಿ ಬರೆದದ್ದು, ಅಂಥವರಿಗೆ ಅದು ಸರಿಯೇ ಇರಬೇಕು. ಮುಖ ನೋಡುತ್ತಿದ್ದವನು ನಾನು, ಅಲ್ಲಿಗೆ ಹೋದವನೂ ನಾನೇ.

ಕೇಸು ನಡೆದಿರುವಾಗಲೇ ಪಂಚಮಿ ಬಂತು. ಅವ್ವ ಎಂದಿನಂತೆ ಉಂಡಿ ಕಟ್ಟಿ ಡಬ್ಬಿ ತುಂಬಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಈ ವರ್ಷ ಬೇಡ, ಇದನ್ನು ಕೊಟ್ಟರೆ ಕೇಸು ಕೆಡುತ್ತದೆ, ನಾವು ಯಾವತ್ತೂ ಕೇಳಿಲ್ಲ ಅಂತ ಬರೆಸಿದ್ದೇವೆ ಅಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಹೊಸ್ತಿಲ ಒಳಗೆ ಕೂತಳು.

"ನಾ ಕೊಟ್ಟದ್ದು ಸುಳ್ಳಾದ್ರ, ಅಂವ ತಿಂದದ್ದೂ ಸುಳ್ಳೇನೋ?" ಅಂದಳು.

ಅವತ್ತು ನಾವು ಯಾರೂ ಉಂಡಿ ತಿನ್ನಲಿಲ್ಲ. ಸಂಜೆಗೆ ಇರುವೆ ಮುತ್ತಿದವು.

ಕೋರ್ಟಿನಲ್ಲಿ ನನ್ನ ಸಾಕ್ಷಿ ಮೊದಲು. ಚಾಚಾನ ವಕೀಲರು ನೇರವಾಗಿ ಅದಕ್ಕೇ ಬಂದರು. ನಿಮ್ಮ ತಾಯಿ ಪ್ರತಿ ಪಂಚಮಿಗೆ ಉಂಡಿ ಕೊಟ್ಟು ಹಾದಿಗೆ ಪರವಾನಗಿ ಕೇಳುತ್ತಿದ್ದರು, ಹೌದೋ ಅಲ್ಲವೋ? ಅಲ್ಲ ಅಂದೆ. ಹಾಗಾದರೆ ಉಂಡಿ ಯಾಕೆ? ಹಬ್ಬಕ್ಕೆ ಎಲ್ಲರಿಗೂ ಕೊಡುತ್ತಾರೆ, ಅವರಿಗೂ ಕೊಟ್ಟಿರಬಹುದು ಅಂದೆ. 'ಕೊಟ್ಟಿರಬಹುದು' ಅನ್ನುವುದನ್ನು ಕಲಿಸಿದವರು ವಕೀಲರು, ಆದರೆ ಹೇಳಿದ್ದು ನನ್ನ ಬಾಯಿ. ಚಾಚಾ ಹಿಂದಿನ ಬೆಂಚಿನಲ್ಲಿ ಕಿವಿಯ ಹಿಂದೆ ಅಂಗೈ ಹಿಡಿದು ಮುಂದಕ್ಕೆ ಬಗ್ಗಿ ಕೂತಿದ್ದರು. ಕೇಳಿಸಿತೋ ಇಲ್ಲವೋ ಅಂತ ಎಷ್ಟೋ ದಿನ ನನಗೆ ಅನುಮಾನವಿತ್ತು.

ಮುಂದಿನ ತಾರೀಖಿಗೆ ಅವರ ಸಾಕ್ಷಿ. ಅವರು ಮಾಡಬೇಕಾಗಿದ್ದದ್ದು ಇಷ್ಟೇ: ಹೌದು, ನಾನೇ ಪರವಾನಗಿ ಕೊಟ್ಟಿದ್ದೆ ಅನ್ನಬೇಕಿತ್ತು. ಅದು ಸತ್ಯವೂ ಆಗಿತ್ತು. ಅಂದಿದ್ದರೆ ಅವರು ಗೆಲ್ಲುತ್ತಿದ್ದರು, ಮಗಳಿಗೆ ಖೋಲಿ ಏಳುತ್ತಿದ್ದವು.

ನಮ್ಮ ವಕೀಲರು ಎದ್ದು, ನೀವು ಯಾವತ್ತಾದರೂ ಇವರಿಗೆ ಹಾದಿಯಲ್ಲಿ ಹೋಗಲು ಪರವಾನಗಿ ಕೊಟ್ಟಿದ್ದಿರಾ ಅಂತ ಕೇಳಿದರು. ಚಾಚಾಗೆ ಸರಿಯಾಗಿ ಕೇಳಲಿಲ್ಲ. ಎರಡನೇ ಸಲ ಗಟ್ಟಿಯಾಗಿ ಕೇಳಿದರು.

"ಪರವಾನಗಿ?" ಚಾಚಾ ತಮ್ಮ ಓಣಿಯ ದನಿಯಲ್ಲೇ ಕೂಗಿದರು, ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. "ಅವರ ಮನಿ ಹಿಂದೈತ್ರಿ ಸಾಹೇಬ್ರ. ಮನಿಗೆ ಹೋಗೋರಿಗೆ ನಾ ಏನಂತ ಪರವಾನಗಿ ಕೊಡ್ಲಿ? ಹೋಗತಿದ್ರು, ಬರತಿದ್ರು. ನಾ ಯಾರು ಕೊಡಾಕ?"

ಅವರ ವಕೀಲರು ಹಣೆಗೆ ಕೈ ಹಚ್ಚಿದರು. ಆದರೂ ಬಿಡದೆ ಮತ್ತೆ ಎದ್ದು, ಉಂಡಿಯ ಮಾತು ಎತ್ತಿದರು. ಆ ತಾಯಿ ಉಂಡಿ ಯಾಕೆ ತರುತ್ತಿದ್ದರು, ಸ್ವಲ್ಪ ನೆನಪು ಮಾಡಿಕೊಂಡು ಹೇಳಿ, ಅಂದರು.

ಚಾಚಾ ನನ್ನ ಕಡೆ ನೋಡಿದರು. ಬಹಳ ಹೊತ್ತೇನಲ್ಲ. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ, ಆದರೂ ಅವರು ನೋಡುತ್ತಿದ್ದಾರೆ ಅನ್ನುವುದು ಗೊತ್ತಾಯಿತು...

"ಹಬ್ಬಕ್ಕ ತರತಿದ್ರು," ಅಂದರು. ಈ ಸಲ ಕೂಗಲಿಲ್ಲ. "ಎಲ್ಲಾರಿಗೂ ಕೊಡ್ತಾರಲ್ರಿ, ಹಂಗ."

ಕಳೆದ ತಾರೀಖಿಗೆ ನಾನು ಹೇಳಿದ್ದು ಅವರಿಗೆ ಕೇಳಿಸಿತ್ತು. ಮೊದಲನೇ ಮಾತನ್ನು ಅವರು ತಮ್ಮ ಸ್ವಭಾವದಿಂದ ಹೇಳಿದರು, ಕೊಟ್ಟದ್ದನ್ನು ಕೊಟ್ಟೆ ಅನ್ನುವುದು ಅವರಿಗೆ ಬರುತ್ತಿರಲಿಲ್ಲ. ಎರಡನೆಯದನ್ನು ಮಾತ್ರ ನನಗಾಗಿ ಹೇಳಿದರು. ಇಬ್ಬರಲ್ಲಿ ಒಬ್ಬ ಸುಳ್ಳ ಅಂತ ಆಗಬಾರದು, ಅಷ್ಟೇ.

ಅವತ್ತು ಹಳಿಯಾಳದಿಂದ ತಿರುಗಿ ಬರುವ ಬಸ್ಸು ಇಬ್ಬರಿಗೂ ಒಂದೇ. ಚಾಚಾ ಮೊದಲೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದರು. ನನ್ನನ್ನು ನೋಡಿ ತಮ್ಮ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಜಾಗ ಮಾಡಿದರು. "ಬಾ ತಮ್ಮಾ, ಕೂಡು. ಅಕ್ಕಾರ ಮೊಣಕಾಲ ನೋವು ಹೆಂಗೈತಿ?" ಅಂದರು. ನಾನು ಕೇಳಿಸದವರ ಹಾಗೆ ದಾಂಡೇಲಿಯವರೆಗೆ ಸರಳು ಹಿಡಿದು ನಿಂತೇ ಬಂದೆ. ಆ ಸೀಟಿನಲ್ಲಿ ಯಾರೋ ಕೋಳಿ ಹಿಡಿದುಕೊಂಡವರು ಕೂತರು.

ಡಿಕ್ರಿ ನನ್ನ ಕಡೆ ಆಯಿತು. ಒಂಬತ್ತು ಫೂಟು ಅಗಲ, ವಾಹನ ಸಹಿತ, ಶಾಶ್ವತ. ಅಳೆದು ನೋಡಿದರೆ ಮದರಂಗಿ ಬೇಲಿ ಒಂದು ಫೂಟಿನಷ್ಟು ಹಾದಿಯೊಳಗೆ ಬಂದಿತ್ತು. ಆಳು ಕರೆಸಿ ಕಡಿಸಿದೆ. ಟೆಂಪೋ ಆ ಒಂದು ಫೂಟು ಇಲ್ಲದೆಯೂ ಹೋಗುತ್ತಿತ್ತು... ದಿನಾ ಹೋಗುತ್ತಲೇ ಇತ್ತಲ್ಲ. ಕಡಿಯುವಾಗ ಚಾಚಾನ ಮಗ ಹೊರಗೆ ಬರಲಿಲ್ಲ. ಚಾಚಾ ಬಂದು ಬಿದ್ದ ಟೊಂಗೆಗಳಿಂದ ಸೊಪ್ಪು ಬಿಡಿಸಿ ಬುಟ್ಟಿಗೆ ಹಾಕತೊಡಗಿದರು. ಆಮೇಲೆ ಮೊಮ್ಮಗಳ ಕೈಯಲ್ಲಿ ಒಂದು ತಾಟಿನ ತುಂಬ ಸೊಪ್ಪು ನಮ್ಮ ಮನೆಗೂ ಬಂತು. ಹಾಳಾಗಬಾರದು, ಹಚ್ಚಿಕೊಳ್ಳಲಿ ಅಂತ ಹೇಳಿಕಳಿಸಿದ್ದರು. ನಮ್ಮ ಮನೆಯವಳು ಹಚ್ಚಿಕೊಳ್ಳಲಿಲ್ಲ, ಚೆಲ್ಲಲೂ ಇಲ್ಲ.

ಅವ್ವ ಮರುದಿನದಿಂದ ಆ ಹಾದಿ ಬಿಟ್ಟಳು.

ಜಗಳ ಮಾಡಲಿಲ್ಲ. ಗುಡಿಗೆ, ದವಾಖಾನೆಗೆ, ಎಲ್ಲಿಗೆ ಹೋಗುವುದಿದ್ದರೂ ಕೋಲು ಊರಿಕೊಂಡು ಹಿಂದಿನ ನಾಲಾದ ದಂಡೆ ಹಿಡಿಯುತ್ತಿದ್ದಳು. ಬೈದೆ, ಕೈಮುಗಿದೆ. ನಿನ್ನ ಹಕ್ಕಿನ ಹಾದಿ ಬೇ, ಯಾರ ಹಂಗೂ ಇಲ್ಲ ಅಂದೆ. ಹೌದಪ್ಪಾ ಅನ್ನುತ್ತಿದ್ದಳು, ನಾಲಾದ ಕಡೆಗೇ ಹೋಗುತ್ತಿದ್ದಳು. ಒಂದು ಮಳೆಯ ದಿನ ನಾನು ಹಿತ್ತಲಲ್ಲಿ ಪ್ಲೇಟಿಗೆ ಎಣ್ಣೆ ಸವರುತ್ತಿದ್ದೆ. ಅವಳು ದಂಡೆಯ ಮೇಲೆ ಹೆಜ್ಜೆ ಸಿಗದೆ ನಿಂತಿದ್ದಳು. ಚಾಚಾ ತಮ್ಮ ಹಿಂದಿನ ಬಾಗಿಲಿನಿಂದ ನೋಡಿ ಕೂಗಿದರು.

"ಅಕ್ಕಾ, ಜಾರತೈತಿ! ಈ ಕಡೆ ಬರ್ರಿ!"

ಮೊದಲನೇ ಮಳೆಗಾಲದ ಅದೇ ಮಾತು. ಅವರಿಗೆ ಅದು ನೆನಪಿತ್ತೋ ಏನೋ, ನನಗಿತ್ತು.

"ಹೆಂಗ ಬರ್ಲಿ ಚಾಚಾ?" ಅಂದಳು ಅವ್ವ. ಅವರಿಗೆ ಕೇಳಲಿ ಅಂತ ಅವಳೂ ಕೂಗಿಯೇ ಹೇಳಿದಳು. "ಕೇಳಿದ್ರ ಮಗನ ಹಕ್ಕು ಹೋಗ್ತೈತಿ. ಕೇಳದ ನಡೆಯೂದು ನನಗ ಬರೂದಿಲ್ಲ."

ಚಾಚಾ ಮಳೆಯಲ್ಲೇ ಇಳಿದು ಬಂದು, ದಂಡೆಯ ಆ ತುದಿಯಿಂದ ತಮ್ಮ ಕೊಡೆಯನ್ನು ಮಡಚಿ ಅದರ ಹಿಡಿಕೆಯನ್ನು ಅವಳ ಕಡೆಗೆ ಚಾಚಿದರು. ಅವಳು ಅದನ್ನು ಹಿಡಿದು ಕೆಸರು ದಾಟಿದಳು. ಇಬ್ಬರೂ ತೊಯ್ದು ಹೋದರು. ನಾನು ಹಿತ್ತಲಲ್ಲಿ ಎಣ್ಣೆಯ ಅರಿವೆ ಹಿಡಿದು ನಿಂತಿದ್ದವನು ಅಲ್ಲೇ ನಿಂತಿದ್ದೆ. ಹೋಗಿ ಕೈ ಹಿಡಿಯಬೇಕಾದವನು ನಾನು. ಹೋದರೆ ಇಬ್ಬರ ಮುಖವನ್ನೂ ನೋಡಬೇಕಾಗುತ್ತಿತ್ತು.

ಎರಡು ಮಳೆಗಾಲ ಹೀಗೆ ನಡೆದಳು. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಳು, ಆಮೇಲೆ ಹಾಸಿಗೆ ಹಿಡಿದಳು. ಅವಳು ಹೋದ ದಿನ ನಾಲಾದ ಕಡೆಯಿಂದ ಒಯ್ಯುವುದು ಆಗುತ್ತಿರಲಿಲ್ಲ, ಹೆಗಲು ಕೊಡುವವರಿಗೆ ಕಾಲೂರಲು ಜಾಗವಿರಲಿಲ್ಲ. ನನ್ನ ಒಂಬತ್ತು ಫೂಟಿನ ಹಾದಿಯಲ್ಲೇ ಎತ್ತಿಕೊಂಡು ಬಂದೆವು. ಡಿಕ್ರಿಯಾದ ಮೇಲೆ ಅವಳು ಆ ಹಾದಿಯಲ್ಲಿ ಬಂದದ್ದು ಅದೊಂದೇ ಸಲ. ಚಾಚಾ ಮುಂದೆ ನಿಂತು ರಸ್ತೆಯ ಕಡೆಯ ಗೇಟಿನ ಎರಡೂ ಬಾಗಿಲು ತೆರೆದಿದ್ದರು. ನಾನು ಮುಂದಿನ ಹೆಗಲು. ಅವರ ಹತ್ತಿರ ಬಂದಾಗ ಕಾಲು ನಿಂತಿತು. ಅವ್ವ ಇದ್ದಿದ್ದರೆ ಕೇಳುತ್ತಿದ್ದಳು. ಅವಳ ಬದಲು ನಾನು ಒಂದು ಮಾತು ಕೇಳಬೇಕಿತ್ತು, ಹೋಗಲೇನ್ರಿ ಚಾಚಾ ಅಂತ, ಅಷ್ಟೇ. ಬಾಯಿ ಬರಲಿಲ್ಲ... ಹಿಂದಿನವರು ಯಾಕೆ ನಿಂತೆ ಅಂದರು.

"ಬರ್ರಿ ಅಕ್ಕಾ," ಅಂದರು ಚಾಚಾ, ಓಣಿಗೆಲ್ಲ ಕೇಳುವ ಹಾಗೆ. "ಬರ್ರಿ, ಬರ್ರಿ."

ಅವರ ಮಗ ಆಮೇಲೆ ಮನೆ ಮಾರಲು ನಿಂತ. ನೋಡಲು ಬಂದವರೆಲ್ಲ ದಾಖಲೆಯ ಉತಾರ ನೋಡಿ, ಜಾಗದ ಮೇಲೆ ಹಾದಿಯ ಬೋಜಾ ಇದೆ ಅಂತ ಬೆಲೆ ಇಳಿಸಿದರು. ಅಂಥ ಒಬ್ಬರಿಗೆ ಕೊಟ್ಟು ಆತ ಬೆಳಗಾವಿ ಕಡೆ ಹೋದ. ಚಾಚಾ ಮಗಳ ಜೊತೆ ಹಳಿಯಾಳದಲ್ಲಿ ಬಾಡಿಗೆ ಖೋಲಿಗೆ ಹೋದರು. ಸಾಮಾನು ಹೇರಿಕೊಂಡು ಹೋಗುವ ದಿನ ನನ್ನ ಟೆಂಪೋ ಮನೆಯ ಮುಂದೆಯೇ ಇತ್ತು. ಅವರು ಬೇರೆ ಗಾಡಿ ಹೇಳಿದ್ದರು. ಅವರು ತೀರಿಕೊಂಡಾಗ ನಾನು ಕುಂಬಾರವಾಡದಲ್ಲಿ ಕೆಲಸದ ಮೇಲಿದ್ದೆ. ಅಲ್ಲಿಗೆ ಬಸ್ಸೂ ಕಡಿಮೆ, ಸುದ್ದಿಯೂ ತಡ. ನಾನು ಹಳಿಯಾಳ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ದಿನವಾಗಿತ್ತು. ಮಗಳು ಹೊಲಿಗೆ ಮಶೀನಿನ ಮುಂದಿನಿಂದ ಎದ್ದು ಬಂದಳು. ಹೊರಗೇ ನಿಂತು, "ಒಳಗ ಬರ್ಲೇನವಾ?" ಅಂತ ಕೇಳಿದೆ. ಕೇಳುವುದನ್ನು ಎಷ್ಟು ತಡವಾಗಿ ಕಲಿತೆ... "ಬರ್ರಿ ಭಾಯಿಜಾನ್," ಅಂದಳು, ಚಹಾ ಕೊಟ್ಟಳು. ಒಂದೇ ಖೋಲಿ. ಅಡುಗೆ, ಮಶೀನು, ಮೂರು ಹಾಸಿಗೆ ಎಲ್ಲ ಅದರಲ್ಲೇ. ಹಾದಿಯ ಮಾತು ಅವಳು ಎತ್ತಲಿಲ್ಲ. ನಾನು ಎತ್ತಬೇಕು ಅಂತಲೇ ಹೋಗಿದ್ದೆ. ಚಹಾ ಕುಡಿದು ಬಂದೆ.

ಹೊಸ ಮಾಲೀಕರು ಪರ ಊರಿನವರು, ಪ್ರವಾಸಿಗರಿಗೆ ಖೋಲಿ ಬಾಡಿಗೆ ಕೊಡುತ್ತಾರೆ. ಕಾಯಿದೆಯ ಮನುಷ್ಯರು. ಡಿಕ್ರಿ ಓದಿ, ಟೇಪು ಹಿಡಿದು, ಒಂಬತ್ತು ಫೂಟಿಗೆ ಒಂದು ಅಂಗುಲ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಅನ್ನುವಂತೆ ಆಳೆತ್ತರದ ಗೋಡೆ ಏರಿಸಿದ್ದಾರೆ. ಈಗ ನಮ್ಮ ಹಾದಿಗೆ ಎರಡೂ ಕಡೆ ಗೋಡೆ. ಎದುರು ಸಿಕ್ಕರೆ ನಮಸ್ಕಾರ ಅನ್ನುತ್ತಾರೆ. ತಂಟೆ ಇಲ್ಲ, ತಕರಾರಿಲ್ಲ. ಇಂದೂರದಿಂದ ಬಂದ ಸಂಜೆ ಟೆಂಪೋ ಒಳಗೆ ತಂದು ಇಂಜಿನ್ ಬಂದ್ ಮಾಡಿ, ಎರಡು ಗೋಡೆಯ ನಡುವೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಯಾರೂ ಏನೂ ಕೂಗಲಿಲ್ಲ.

ಲೆಕ್ಕ ಹೇಳುವುದಾದರೆ, ಈಗ ನನ್ನ ಹತ್ತಿರ ಎರಡು ಅಂತಸ್ತಿನ ಮನೆ ಒಂದು ಇದೆ. ಸಾಲ ತೀರಿದ ಟೆಂಪೋ ಒಂದು. ಎಂಟುನೂರು ಪ್ಲೇಟು, ಅವಕ್ಕೆ ತಕ್ಕ ಕಂಬ. ಮಗನಿಗೂ ಅವನ ಮಕ್ಕಳಿಗೂ ನಡೆಯುವ ಒಂಬತ್ತು ಫೂಟಿನ ಹಾದಿ ಒಂದು. ಕೇಳಬೇಕಾದವರು, ಯಾರೂ ಇಲ್ಲ.